ಈ ವಾರದ ಸಮಸ್ಯೆ: ಕೊಂಡಿಯಿಲ್ಲದ ಕಣಜ

ಈ ವಾರದ ಸಾಲು ಇದು. ಇದೇ ಕೊನೆಯ ಸಾಲಾಗುವ ಹಾಗೆ ಮೇಲಿನ ಮೂರು ಸಾಲು ನೀವು ಕಟ್ಟಿ ಪದ್ಯ ತುಂಬಿಸಬೇಕು. ಪಂಚಮಾತ್ರಾ ಚೌಪದಿ (ಐದೈದು ಮಾತ್ರೆಯ ಗುಂಪುಗಳ ನಾಲ್ಕು ಸಾಲು), ಆದಿಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ) ಬಿಡುವ ಹಾಗಿಲ್ಲ:

ಕೊಂಡಿಯಿಲ್ಲದ ಕಣಜ ಹಕ್ಕಿಯನು ಬೆದರಿಸಿತು

ಸಾಲು ಹುಟ್ಟಿದ್ದು ನಮ್ಮ ಹಿತ್ತಲಲ್ಲಿ. ಗಂಧದ ಗಿಡದ ಎಲೆ ಮೇಲೆ ಕಣಜ ಕೂತಿದೆ ಅಂತ ಕೈ ಹಿಂದಕ್ಕೆ ಎಳೆದುಕೊಂಡೆ. ಬಗ್ಗಿ ನೋಡಿದರೆ ಪತಂಗ! ಕಪ್ಪು ರೆಕ್ಕೆಯಲ್ಲಿ ಗಾಜಿನ ಕಿಟಕಿ ಇಟ್ಟ ಹಾಗೆ ಚುಕ್ಕೆಗಳು, ಹೊಟ್ಟೆಗೆ ಹಳದಿ ಪಟ್ಟೆ. ಹಾರಾಟವೂ ಹಗಲಲ್ಲೇ. ಅಮಾಟಾ ಪಸಾಲಿಸ್ ಅಂತ ಹೆಸರು. ಮೊದಲು ವಿವರಿಸಿದ್ದು ಡೆನ್ಮಾರ್ಕಿನ ಕೀಟಶಾಸ್ತ್ರಜ್ಞ ಫ್ಯಾಬ್ರಿಸಿಯಸ್, 1781ರಲ್ಲಿ. ಇದರ ಮರಿಹುಳು ಗಂಧದ ಎಲೆ ಬೋಳಿಸುತ್ತದೆ. ಸುಳಿವು ಜಾಸ್ತಿ ಆಯಿತೇನೋ, ಇರಲಿ.

* * *

ಸರ್, ಸುಳಿವು ಹಿಡಿದೇ ಬರೆದೆ:

ಉಂಡು ಗಂಧದ ಚಿಗುರ ಕಂಬಳಿಯ ಹುಳುವಾಗಿ
ಗುಂಡು ಹೊಟ್ಟೆಗೆ ಹಳದಿ ಪಟ್ಟೆಗಳ ತಾ ತೊಟ್ಟು
ಹಿಂಡಿನೊಳು ಸೇರದ ಪತಂಗವದು ವೇಷದಲಿ
ಕೊಂಡಿಯಿಲ್ಲದ ಕಣಜ ಹಕ್ಕಿಯನು ಬೆದರಿಸಿತು

ವೇಷ ಅಂದದ್ದು ಸುಮ್ನೆ ಅಲ್ಲ. ಅಮೆಜಾನ್ ಕಾಡಿನ ಚಿಟ್ಟೆಗಳನ್ನು ನೋಡಿ 1862ರಲ್ಲೇ ಇಂಗ್ಲೆಂಡಿನ ನಿಸರ್ಗತಜ್ಞ ಬೇಟ್ಸ್ ಇಂಥ ವೇಷದ ಗುಟ್ಟು ಬಿಡಿಸಿದ್ದರು: ನಿರುಪದ್ರವಿ ಜೀವಿ ಅಪಾಯದ ಜೀವಿಯ ಹಾಗೆ ಕಂಡು ಬೇಟೆಗಾರರಿಂದ ಪಾರಾಗುತ್ತದೆ.

* * *

ಚೆನ್ನಾಗಿದೆ ಅಕ್ಕ. ಆದರೆ ಎರಡನೇ ಸಾಲಿನ 'ತಾ' ಬರೀ ಮಾತ್ರೆ ತುಂಬೋಕೆ ಬಂದಿದೆ, ಅಲ್ವಾ? 'ಪಟ್ಟೆಗಳ ಬಿಗಿದುಟ್ಟು' ಅಂದರೆ ಮಾತ್ರೆಯೂ ಸರಿ, ಗುಂಡು ಹೊಟ್ಟೆಯೂ ಒಂಚೂರು ಕರಗುತ್ತದೆ!

* * *

ಒಪ್ಪಿದೆ, ತಿದ್ದಿಕೊಂಡೆ.

* * *

ನೀವೆಲ್ಲ ಹುಳದ ಹಿಂದೆ ಬಿದ್ದಿದ್ದೀರಿ. ನಮ್ಮ ಮನೆಯಲ್ಲಿ ಕಣಜ ಅಂದರೆ ಮೊದಲು ನೆನಪಾಗುವುದು ಭತ್ತ. ಕೊಂಡಿ ಇರುವುದು ಬಾಗಿಲಿಗೆ:

ಕಂಡು ಭತ್ತದ ರಾಶಿ ಗುಬ್ಬಿಯೊಳ ಹೊಕ್ಕಿತ್ತು
ಉಂಡಿತೊಂದೆರಡು ಕಾಳಷ್ಟರಲಿ ಬಿರುಗಾಳಿ
ಮಂಡೆಮೇಲೆಯೆ ಕದವ ದಡದಡನೆ ಬಡಿಬಡಿಯೆ
ಕೊಂಡಿಯಿಲ್ಲದ ಕಣಜ ಹಕ್ಕಿಯನು ಬೆದರಿಸಿತು

* * *

ಅಯ್ಯೋ, ಸಾಲು ಕೊಟ್ಟ ನನಗೇ ಇದು ಹೊಳೆದಿರಲಿಲ್ಲ! ಮೂರನೇ ಸಾಲು ಓದಿದರೆ ಕದದ ಸದ್ದೇ ಕೇಳುತ್ತದೆ. ಈ ವಾರದ ಚಪ್ಪಾಳೆ ನಿಮಗೇ.

* * *

ತಡೀರಿ ಸರ್, ಇನ್ನೊಂದು ದಾರಿ ಇದೆ. ಕಣಜದ ಕೊಂಡಿ ಅಂದರೆ ಮೊಟ್ಟೆ ಇಡುವ ನಾಳವೇ ರೂಪ ಬದಲಿಸಿದ್ದು. ಹಾಗಾಗಿ ಗಂಡು ಕಣಜಕ್ಕೆ ಕೊಂಡಿಯೇ ಇಲ್ಲ. ಪತಂಗವೂ ಬೇಡ, ಭತ್ತವೂ ಬೇಡ. ಪ್ರಾಸಕ್ಕೆ 'ಗಂಡು' ತಾನಾಗಿ ಬಂದು ಕೂರುತ್ತದೆ:

ಗಂಡೆಂದು ಗುಬ್ಬಚ್ಚಿಗಾರು ಹೇಳುವರಯ್ಯ

ನಡುವಿನ ಎರಡು ಸಾಲು ಬೆಳಿಗ್ಗೆಯಿಂದ ಕೂಡಿ ಬರುತ್ತಿಲ್ಲ. ಅಕ್ಕ, ಎತ್ತಿಕೊಡ್ತೀರಾ?