ಸಹಾಯ ಬೇಕು: ಇಂಗ್ಲಿಷ್ ಪೇಪರ್ ಬದಲು ಸ್ವಯಂ (SWAYAM, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ) ಕೋರ್ಸ್ ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ. ನಾನು ಡೊಂಬಿವಲಿಯವಳು, ಹತ್ತರವರೆಗೆ ಕನ್ನಡ ಮೀಡಿಯಂ. ಈಗ ಠಾಣೆಯಲ್ಲಿ ಕೆಲಸ ಮಾಡ್ತಾ ಎಂ.ಎ. ಇಂಗ್ಲಿಷ್ ಓದ್ತಿದ್ದೀನಿ. ವಾರದಲ್ಲಿ ಮೂರು ದಿನ ಬೆಳಿಗ್ಗೆ ಎಂಟೂವರೆಗೆ ಆನ್‌ಲೈನ್ ಕ್ಲಾಸು, ಶನಿವಾರ ಮಾತ್ರ ಕಾಲೇಜಿಗೆ ಹೋಗಬೇಕು.

ಆ ಎಂಟೂವರೆಗೆ ನಾನು ಲೋಕಲ್ ಟ್ರೇನ್‌ನಲ್ಲಿರ್ತೀನಿ. ಮೊನ್ನೆ ಮೇಡಂ ನನ್ನ ಹೆಸರು ಕರೆದು ಕವಿತೆ ಬಗ್ಗೆ ಮಾತಾಡು ಅಂದ್ರು. ಒಂದು ಕೈಲಿ ಹಿಡಿಕೆ, ಇನ್ನೊಂದರಲ್ಲಿ ಫೋನು. ಬಾಯಿ ತೆರೆಯೋಷ್ಟರಲ್ಲಿ ನೆಟ್‌ವರ್ಕ್ ಹೋಯ್ತು, ಹಾಜರಿಯೂ ಹೋಯ್ತು. ರೆಕಾರ್ಡಿಂಗ್ ರಾತ್ರಿ ಪೂರ್ತಿ ನೋಡ್ತೀನಿ, ಆದ್ರೆ ಅದಕ್ಕೆ ಹಾಜರಿ ಇಲ್ಲ. ಬೇರೆ ಬ್ಯಾಚ್ ಕೇಳಿದೆ, ಇಲ್ಲ ಅಂದ್ರು. ಆಫೀಸಲ್ಲಿ ಶಿಫ್ಟ್ ಬದಲಾಯಿಸೋಕೂ ಒಪ್ಪಲಿಲ್ಲ.

ಅದಕ್ಕೇ ಈ ಪೇಪರ್ ಬದಲು ಸ್ವಯಂ ಕೋರ್ಸ್ ಮಾಡೋಣ ಅಂತ ಯೋಚನೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರ ನಿಯಮದಲ್ಲಿ ಒಂದು ಸೆಮಿಸ್ಟರ್‌ನ 40%ವರೆಗಿನ ಕೋರ್ಸ್‌ಗಳನ್ನ ಸ್ವಯಂನಲ್ಲಿ ಮಾಡಬಹುದು ಅಂತಿದೆ. ವಿಭಾಗದಲ್ಲಿ ಕೇಳಿದ್ರೆ ‘ಮೊದಲು ಸೇರ್ಕೋ, ಆಮೇಲೆ ನೋಡೋಣ’ ಅಂತಾರೆ. ಕಚೇರಿಯಲ್ಲಿ ‘ಮೊದಲು ವಿಭಾಗದ ಪತ್ರ ತಾ’ ಅಂತಾರೆ. ಇಲ್ಲೇ ಸಿಕ್ಕಿಹಾಕ್ಕೊಂಡಿದ್ದೀನಿ. ಪರೀಕ್ಷೆ ಬರೆದ ಮೇಲೆ ಕ್ರೆಡಿಟ್ ಕೊಡಲ್ಲ ಅಂದ್ರೆ ಒಂದು ಸೆಮಿಸ್ಟರ್ ಪೂರ್ತಿ ಹೋಗುತ್ತೆ.

ಮುಂಬೈ, ಪುಣೆ ಕಡೆ ಹೀಗೆ ಮಾಡಿದವರು ಯಾರಾದ್ರೂ ಇದ್ದೀರಾ? ಸ್ವಯಂಗೆ ಸೇರೋ ಮೊದಲೇ ಲಿಖಿತ ಒಪ್ಪಿಗೆ ತಗೊಂಡ್ರಾ? ಅರ್ಜಿ ಕೊಟ್ಟಿದ್ದು ಯಾರಿಗೆ, ವಿಭಾಗದ ಮುಖ್ಯಸ್ಥರಿಗೋ ಪ್ರಿನ್ಸಿಪಾಲರಿಗೋ?