ಪದ ಬೇಕು (ತುರ್ತು): ಬರೊಂಗ್, ಮತ್ತು ಅದರ ಮರದ ಒರೆ

ಎಲ್ಲರಿಗೂ ನಮಸ್ಕಾರ. ಖಾಸಗಿ ಸಂಗ್ರಹವೊಂದರ ಪ್ರದರ್ಶನಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇನೆ, ಸಂಜೆ ಐದಕ್ಕೆ ಮುದ್ರಣಕ್ಕೆ ಹೋಗಬೇಕು. ವಸ್ತು: ಫಿಲಿಪ್ಪೀನ್ಸಿನ ದಕ್ಷಿಣದ ಸುಲು ದ್ವೀಪಗಳ ತೌಸುಗ್ ಜನರ ಹಳೆಯ ಬರೊಂಗ್. ಅಲಗು ಎಲೆಯಾಕಾರ, ಒಂದೇ ಕಡೆ ಬಾಯಿ, ಬೆನ್ನು ದಪ್ಪ. ಹಿಡಿಯ ತುದಿಯಲ್ಲಿ ಕಾಕಟೂ ಹಕ್ಕಿಯ ಜುಟ್ಟು, ಕೊಕ್ಕು. ಎರಡು ಮರದ ಹಲಗೆ ಜೋಡಿಸಿ ಬೆತ್ತ ಸುತ್ತಿದ ಒರೆ, ಅದರ ಮೇಲೆ ಬಳ್ಳಿ ಕೆತ್ತನೆ. ಚೂರಿ ಎಂದರೆ ಚಿಕ್ಕದಾಯಿತು, ಮಚ್ಚು ಎಂದರೆ ಪೊಲೀಸ್ ಠಾಣೆಯ ವಾಸನೆ. ಬರೀ ‘ಬರೊಂಗ್’ ಎಂದು ಬಿಡೋಣವೆಂದರೆ ಅಲ್ಲಿನ ಗಂಡಸರ ಕಸೂತಿ ಅಂಗಿಗೂ ಅದೇ ಹೆಸರು. ಏನು ಮಾಡಲಿ?

> ಸುರಿಗೆ. ಛುರಿಕೆಯ ತದ್ಭವ, ಹಳಗನ್ನಡದಲ್ಲೇ ಇದೆ. ಇದ್ದ ಪದ ಬಿಟ್ಟು ಹುಡುಕಾಟವೇಕೆ?

> ಸುರಿಗೆ ಎಂದರೆ ಇವತ್ತು ಯಾರಿಗೆ ಅರ್ಥವಾಗುತ್ತೆ ಸಾರ್? ಸುರಗಿ ಹೂವಿನ ಫಲಕ ಅಂದ್ಕೋತಾರೆ. ನಮ್ಮ ಕೊಡಗಿನ ಒಡಿಕತ್ತಿಗೆ ಹೋಲಿಸಿ ಬರೆಯಿರಿ ಮೇಡಂ, ಅದೂ ಅಗಲ ಅಲಗಿನದೇ.

> ಹೋಲುವುದಿಲ್ಲ. ಒಡಿಕತ್ತಿಗೆ ಒಳಬಾಗಿನಲ್ಲಿ ಬಾಯಿ, ಬರೊಂಗಿಗೆ ಹೊಟ್ಟೆಯ ಕಡೆ. ಒಡಿಕತ್ತಿಗೆ ಒರೆಯೂ ಇಲ್ಲ, ಬೆನ್ನ ಹಿಂದೆ ತೋಡಂಗಿಗೆ, ಅಂದರೆ ಸೊಂಟಕ್ಕೆ ಕಟ್ಟುವ ಲೋಹದ ಕೊಂಡಿಗೆ, ಸಿಕ್ಕಿಸುತ್ತಾರೆ. ಒರೆ ಇರುವುದು ಕೊಡವರ ಚಿಕ್ಕ ಸೊಂಟದ ಕತ್ತಿಗೆ, ಪೀಚೆಕತ್ತಿಗೆ. ಇನ್ನು ‘ಒರೆ’ಯ ಮಾತು. ಅದು ಶಕಟರೇಫದ, ಅಂದರೆ ಹಳಗನ್ನಡದ ಱ ಅಕ್ಷರದ ಒಱೆ, ತಮಿಳಿನ ಉಱೈ. ಒರೆಗಲ್ಲಿನ ಒರೆ, ಅಂದರೆ ಉಜ್ಜುವುದು, ಬೇರೆ ಧಾತು. ಫಲಕದಲ್ಲಿ ಱ ಹಾಕದಿದ್ದರೆ ಎರಡನ್ನೂ ಕಲಸಿದಂತೆ.

> ಱ ಹಾಕಿದರೆ ಅಚ್ಚಿನ ತಪ್ಪು ಅಂತ ನೋಡುವವರೇ ತಿದ್ದಿ ಹೋಗ್ತಾರೆ. ‘ಕೋಶ’ ಎನ್ನಿ, ಗೌರವವಾಗಿದೆ.

> ಕೋಶ ಅಂದರೆ ನಿಘಂಟು. ಸಂಸ್ಕೃತ ತುರುಕುವ ಚಟ ಬಿಡಿ.

> ಚಟದ ಮಾತು ನೀವಾಡಬೇಡಿ. ಆ ಫಿಲಿಪ್ಪೀನ್ಸಿನ ಟಾಗಲೋಗ್ ಭಾಷೆಯವರನ್ನೇ ನೋಡಿ: ಮೋರೆಗೆ ‘ಮುಖ’ ಎನ್ನುತ್ತಾರೆ, ದೇವತೆಗೆ ‘ದಿವಾತ’. ಎರಡೂ ಸಂಸ್ಕೃತ, ಮಲಯದ ದಾರಿಯಲ್ಲಿ ಬಂದದ್ದು. ಅಡುಗೆಮನೆಯ ಚಾಕುವಿಗೆ ‘ಕುತ್ಸಿಲ್ಯೊ’, ಅದು ಸ್ಪೇನಿನವರದು. ಆದರೂ ದೊಡ್ಡ ಕತ್ತಿಗೆ ಇತಾಕ್, ಬೊಲೊ ಎಂಬ ಮಾತುಗಳು ಅಲ್ಲಿ ಇವತ್ತಿಗೂ ಬಳಕೆಯಲ್ಲಿವೆ. ಎರವಲಿನಿಂದ ಭಾಷೆ ಸತ್ತದ್ದನ್ನು ನಾನಂತೂ ಕಂಡಿಲ್ಲ.

> ‘ಚಾಕು’ ಯಾವ ಊರಿನದು ಅಂತಲೂ ಹೇಳಿಬಿಡಿ! ಪಾರಸಿ. ಕನ್ನಡದಲ್ಲಿ ಕತ್ತಿ ಇರಲಿಲ್ಲವೇ? ಹಲಸಿನಕಾಯಿ ಕೊಯ್ಯುವುದೂ ಕತ್ತಿಯಿಂದಲೇ, ಯುದ್ಧವೂ ಕತ್ತಿಯಿಂದಲೇ. ಅಳತೆ ಕೇಳದ ಪದ ಅದು.

ಕೊನೆಯವರ ಮಾತು ಒಪ್ಪಿದೆ. ಕಳಿಸಿಬಿಟ್ಟೆ: “ಬರೊಂಗ್ ಕತ್ತಿ, ಕೆತ್ತನೆಯ ಮರದ ಒರೆಯೊಂದಿಗೆ. ಸುಲು, ಫಿಲಿಪ್ಪೀನ್ಸ್.” ಱ ಹಾಕಿಲ್ಲ, ಕ್ಷಮಿಸಿ.

> ‘ಒರೆಯೊಂದಿಗೆ’ ಯಾಕೆ? ‘ಒರೆಸಹಿತ’ ಎನ್ನಬಹುದಿತ್ತು.

> ‘ಸಹಿತ’ ಸಂಸ್ಕೃತ.