ಮಳೆಯಲ್ಲಿ ಚಕಮಕಿ ಕೋವಿಯ ಮದ್ದು ನೆನೆಯದಂತೆ ಏನು ಮಾಡಬೇಕು?

ವಾಕಡ್_ಮಲೆನಾಡಿಗ:

ನಾನಿರುವುದು ಪುಣೆಯಲ್ಲಿ, ಊರು ಮೂಡಿಗೆರೆ ಕಡೆ. ಡಿಸೆಂಬರ್‌ನಲ್ಲಿ ಪೆನ್ಸಿಲ್ವೇನಿಯಾಕ್ಕೆ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಭಾವ ಅಲ್ಲಿ ಲೈಸೆನ್ಸ್ ತೆಗೆದುಕೊಂಡು ಜಿಂಕೆ ಬೇಟೆಗೆ ಹೋಗುತ್ತಾರೆ. ಕ್ರಿಸ್‌ಮಸ್ ಮಾರನೇ ದಿನದಿಂದ ಅಲ್ಲಿ ಫ್ಲಿಂಟ್‌ಲಾಕ್ ಸೀಸನ್, ಅಂದರೆ ಚಕಮಕಿ ಕೋವಿಯದು. ನಳಿಗೆಯ ಬಾಯಿಯಿಂದ ಮದ್ದು ತುಂಬಿ ಚಕಮಕಿ ಕಲ್ಲಿನ ಕಿಡಿಯಿಂದಲೇ ಹೊಡೆಯಬೇಕು, ಬಡಿದರೆ ಸಿಡಿಯುವ ಪುಟ್ಟ ಕೇಪಿನ ಕೋವಿಯೂ ನಡೆಯುವುದಿಲ್ಲ.

ಕಳೆದ ಸೀಸನ್‌ನಲ್ಲಿ ಜಿನುಗು ಮಳೆಯಂತೆ. ಬೆಳಗಿನಿಂದ ಕಾದು ಕೂತ ಮೇಲೆ ಜಿಂಕೆ ಎದುರಿಗೇ ಬಂತು, ಕುದುರೆ (ಕಲ್ಲು ಹಿಡಿದ ಸುತ್ತಿಗೆ) ಬಿತ್ತು, ಕಿಡಿಯೂ ಹಾರಿತು, ಈಡು ಮಾತ್ರ ಹಾರಲಿಲ್ಲ. ತೆರೆದು ನೋಡಿದರೆ ಪ್ಯಾನ್‌ನಲ್ಲಿದ್ದ (ಕಿಡಿ ಬೀಳುವ ಪುಟ್ಟ ಬಟ್ಟಲು) ಮದ್ದು ಕಪ್ಪು ಕೆಸರು. ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಸುತ್ತಿಕೊಂಡೇ ಹೋಗಿದ್ದರಂತೆ, ಆದರೂ ಹೀಗೆ.

ನಮ್ಮ ಕಡೆ ಹಿಂದೆ ಮುಂಗಾರಿನಲ್ಲೂ ಕೇಪಿನ ಕೋವಿ ಹಿಡಿದು ಗದ್ದೆ ಕಾಯುತ್ತಿದ್ದರಲ್ವಾ, ಅದರ ಉಪಾಯ ಗೊತ್ತಿರುವವರು ಹೇಳಿ. ಇದು ಸಹ್ಯಾದ್ರಿಯಲ್ಲಿ ಬೇಟೆಯಾಡುವ ಮಾತಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇಲ್ಲಿ ಅದು ಅಪರಾಧ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಡೊಂಬಿವಲಿ_ಕೊಡವ:

ಕೈಲ್‌ಪೊಳ್ದ್ ಹಬ್ಬ ಬರುವುದೇ ಸೆಪ್ಟೆಂಬರ್ ಶುರುವಿನಲ್ಲಿ, ಕೊಡಗಿನಲ್ಲಿ ಆಗಿನ್ನೂ ಮಳೆ ಬಿಟ್ಟಿರುವುದಿಲ್ಲ. ಕೋವಿ ಪೂಜೆ ಆದ ಮೇಲೆ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ ಇದ್ದೇ ಇರುತ್ತದೆ. ಹಾಗಾಗಿ ಒದ್ದೆ ಗಾಳಿಯಲ್ಲಿ ಕೋವಿ ಹಾರಿಸುವುದು ನಮಗೆ ಹೊಸದಲ್ಲ.

ನಮ್ಮಜ್ಜ ಕೇಪಿನ ಕೋವಿಗೆ ಮದ್ದು ಹಾಕುವ ಮೊದಲು ನಳಿಗೆಯ ಬಾಯನ್ನು ನೆಲದ ಮೇಲಿನ ಒಂದು ಎಲೆಯ ಹತ್ತಿರ ಹಿಡಿದು, ಖಾಲಿ ಕೋವಿಯಲ್ಲೇ ಒಂದೆರಡು ಕೇಪು ಹೊಡೆಯುತ್ತಿದ್ದರು. ಎಲೆ ಪಟಕ್ಕನೆ ಅಲುಗಿದರೆ ದಾರಿ ಸರಿ ಇದೆ ಅಂತ ಲೆಕ್ಕ. ಅಲುಗದಿದ್ದರೆ ಒಳಗೆ ಎಣ್ಣೆಯೋ ಕಸವೋ ಕಟ್ಟಿದೆ. ಆಮೇಲೇ ಮದ್ದು, ತೆಂಗಿನ ನಾರು, ಚರೆ (ಸಣ್ಣ ಗುಂಡುಗಳು), ಮತ್ತೆ ನಾರು, ಗಜದಿಂದ (ಉದ್ದ ಕೋಲು) ಜಡಿಯುವುದು. ಕೊನೆಗೆ ಕೇಪು ಹಾಕಿ ಅದರ ಬುಡದ ಸುತ್ತ ಜೇನುಮೇಣ ಒತ್ತುತ್ತಿದ್ದರು. ಅಲ್ಲಿಗೆ ನೀರು ನುಗ್ಗಲು ಜಾಗವೇ ಇರಲಿಲ್ಲ.

ಆದರೆ ನಿಮ್ಮ ಭಾವನದು ಚಕಮಕಿ ಕೋವಿ. ಅದರಲ್ಲಿ ಕಿವಿಮದ್ದು, ಅಂದರೆ ಪ್ಯಾನ್‌ನ ಮದ್ದು, ಒಂದು ಮುಚ್ಚಳದ ಕೆಳಗೆ ಸುಮ್ನೆ ಕೂತಿರುತ್ತದೆ, ಮೇಣವೊಂದೇ ಸಾಲುವುದಿಲ್ಲ.

ವಾಸ್ಕೋ_ರಾಯ್ಕರ್:

ಗೋವಾಕ್ಕೆ ಬರುವ ಮೊದಲು ನಾನು ಅದೇ ಪೆನ್ಸಿಲ್ವೇನಿಯಾದಲ್ಲಿದ್ದೆ, ಅದೇ ಸೀಸನ್‌ಗೆ ಹೋಗುತ್ತಿದ್ದೆ. ಮೊದಲು ಆ ಪ್ಲಾಸ್ಟಿಕ್ ಕವರ್ ಬಿಸಾಡಲು ಹೇಳಿ. ಬಿಗಿಯಾಗಿ ಸುತ್ತಿದರೆ ಒಳಗೇ ಬೆವರುತ್ತದೆ. ಅಲ್ಲಿಯವರು ಹಿಂದಿನಿಂದ ಬಳಸುವುದು ಕೌಸ್ ನೀ ಅನ್ನುವ ಚರ್ಮದ ಹೊದಿಕೆ, ಮೇಣ ಮತ್ತು ಕೊಬ್ಬು ತಿಕ್ಕಿ ಹದ ಮಾಡಿದ್ದು. ಲಾಕ್‌ನ (ಕುದುರೆ, ಪ್ಯಾನ್ ಇರುವ ಭಾಗ) ಮೇಲೆ ಸಡಿಲವಾಗಿ ಕಟ್ಟುತ್ತಾರೆ, ಜಿಂಕೆ ಕಂಡ ತಕ್ಷಣ ಒಂದೇ ಎಳೆತಕ್ಕೆ ಬರಬೇಕು. ನಡೆಯುವಾಗ ನಳಿಗೆ ನೆಲಕ್ಕೆ ಮುಖ ಮಾಡಿ, ಲಾಕ್ ಕಂಕುಳಲ್ಲಿ.

ಇಷ್ಟಕ್ಕೆ ಬಿಟ್ಟರೆ ಸಾಲದು. ಎಲ್ಲರೂ ಮಳೆಯನ್ನು ಬೈಯುತ್ತಾರೆ, ಆದರೆ ಅದಕ್ಕಿಂತ ಜಾಸ್ತಿ ಕಾಟ ಕೊಡುವುದು ಹಳೆಯ ಮಸಿ. ಕರಿಮದ್ದಿನಲ್ಲಿ 75 ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), 15 ಪಾಲು ಇದ್ದಿಲು, 10 ಪಾಲು ಗಂಧಕ. ಅದು ಉರಿದಾಗ ಪೂರ್ತಿ ಗಾಳಿಯಾಗಿ ಹೋಗುವುದಿಲ್ಲ, ಪೊಟ್ಯಾಸಿಯಂ ಕಾರ್ಬೊನೇಟ್‌ನಂಥ ಲವಣಗಳು ಉಳಿಯುತ್ತವೆ. ಇಲ್ಲಿ ಜುಲೈನಲ್ಲಿ ಉಪ್ಪಿನ ಡಬ್ಬಿ ತೆರೆದಿಟ್ಟರೆ ನೀರೊಡೆಯುತ್ತದಲ್ಲ, ಪ್ಯಾನ್‌ನ ಮಸಿಯೂ ಹಾಗೇ ಗಾಳಿಯಿಂದಲೇ ನೀರು ಎಳೆಯುತ್ತದೆ. ಒಂದು ಹನಿ ಬೀಳದಿದ್ದರೂ ಕೆಸರಾಗುತ್ತದೆ. ಅದಕ್ಕೇ ಪ್ರತಿ ಈಡಿನ ನಂತರ ಪ್ಯಾನ್, ಕಲ್ಲಿನ ಅಂಚು, ಕಲ್ಲು ಬಡಿಯುವ ಉಕ್ಕು, ಮೂರನ್ನೂ ಒಣ ಬಟ್ಟೆಯಲ್ಲಿ ಒರೆಸಬೇಕು. ಪ್ಯಾನ್‌ನ ಅಂಚಿಗೆ ತೆಳ್ಳಗೆ ಮೇಣ ಸವರಿದರೆ ಮುಚ್ಚಳ ಕಚ್ಚಿ ಕೂರುತ್ತದೆ. ಆದರೆ ಉಕ್ಕಿನ ಮುಖಕ್ಕೆ ಜಿಡ್ಡು ತಾಗಿದರೆ ಕಿಡಿ ಬರುವುದಿಲ್ಲ, ಹುಷಾರು.

ಎಲ್ಲಕ್ಕಿಂತ ಮುಖ್ಯ, ಕಿವಿಮದ್ದು ಬದಲಿಸುತ್ತಲೇ ಇರಬೇಕು. ಬೆಳಿಗ್ಗೆ ಹಾಕಿದ್ದನ್ನು ಮಧ್ಯಾಹ್ನದವರೆಗೆ ನಂಬಬಾರದು. ಮಂಜು, ಜಿನುಗು ಇದ್ದರೆ ಆಗಾಗ ಹಳೆಯದನ್ನು ಚೆಲ್ಲಿ, ಒರೆಸಿ, ಹೊಸದು ಹಾಕಿ. ಬೆರಳ ತುದಿಯಷ್ಟು ಮದ್ದು, ಅದಕ್ಕೆ ಜಿಪುಣತನ ಯಾಕೆ?

ಸದಾಶಿವಪೇಠ್_ಓದುಗ:

1757ರ ಪ್ಲಾಸಿ ಕದನದಲ್ಲೂ ಇದೇ ಆಗಿದ್ದು. ಜೂನ್ 23ರಂದು ಯುದ್ಧದ ನಡುವೆ ಜೋರು ಮಳೆ ಬಂತು. ಕಂಪನಿಯವರು ಮದ್ದಿನ ಮೇಲೆ ಟಾರ್ಪಾಲ್ ಎಳೆದರು, ನವಾಬ ಸಿರಾಜುದ್ದೌಲನ ಕಡೆಯ ಮದ್ದು ನೆನೆದುಹೋಯಿತು. ಸೋಲಿಗೆ ಮೀರ್ ಜಾಫರ್‌ನ ದ್ರೋಹವೇ ದೊಡ್ಡ ಕಾರಣ, ಒಪ್ಪುತ್ತೇನೆ, ಆದರೂ ನೆನೆದ ಮದ್ದನ್ನು ಸಣ್ಣದು ಅನ್ನಬೇಡಿ. ಹೊದಿಕೆಯೂ ಮುಖ್ಯ ಅನ್ನುವುದು ನನ್ನ ಮಾತು.

ವಾಕಡ್_ಮಲೆನಾಡಿಗ:

ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಡೌಟು. ನಳಿಗೆಯ ಬಾಯಿಗೆ ಟೇಪ್ ಅಂಟಿಸುತ್ತಾರಂತೆ, ತೆಗೆಯದೆ ಹೊಡೆದರೆ ನಳಿಗೆ ಸಿಡಿಯುವುದಿಲ್ವಾ? ಮತ್ತೆ ನಾನು ಟೂರಿಸ್ಟ್ ವೀಸಾದವನು, ಭಾವನ ಕೋವಿ ಕೈಗೆ ತೆಗೆದುಕೊಳ್ಳಬಹುದಾ?

ವಾಸ್ಕೋ_ರಾಯ್ಕರ್:

ತೆಳು ಎಲೆಕ್ಟ್ರಿಕಲ್ ಟೇಪ್ ಒಂದೇ ಪದರ ಬಾಯಿಯ ಮೇಲೆ ಅಡ್ಡ ಅಂಟಿಸಿದರೆ ತೊಂದರೆ ಇಲ್ಲ, ಗುಂಡು ಬರುವ ಮೊದಲೇ ಮುಂದಿನ ಗಾಳಿ ಅದನ್ನು ಹರಿದುಬಿಡುತ್ತದೆ. ಬಿರಡೆ, ಬಟ್ಟೆಯ ಉಂಡೆ ತುರುಕಿದರೆ ಬೇರೆ ವಿಷಯ. ಅದನ್ನು ತೆಗೆಯದೆ ಹೊಡೆದರೆ ನಳಿಗೆ ಸೀಳಬಹುದು, ಕೈಯೂ ಹೋಗಬಹುದು.

ವೀಸಾ ವಿಷಯ ತಮಾಷೆಯಲ್ಲ. ನಿಮ್ಮ ಥರದ ವೀಸಾದವರು ಕೋವಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಲ್ಲಿನ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ನಿಮ್ಮ ಹೆಸರಿನಲ್ಲಿ ಲೈಸೆನ್ಸ್ ಆಗುವವರೆಗೆ ಮುಟ್ಟಬೇಡಿ.

ಇನ್ನೊಂದು, ಕುದುರೆ ಬಿದ್ದೂ ಈಡು ಹಾರದಿದ್ದರೆ ತಕ್ಷಣ ಕೋವಿ ಇಳಿಸಬೇಡಿ, ಯಾರ ಕಡೆಗೂ ತಿರುಗಿಸಬೇಡಿ. ತಡವಾಗಿ ಹೊತ್ತಿಕೊಳ್ಳುವುದುಂಟು. ಗುರಿಯ ಕಡೆಗೇ ಹಿಡಿದು ಒಂದು ನಿಮಿಷವಾದರೂ ಕಾಯಿರಿ. ಆಮೇಲೆ ತೆಳು ತಂತಿಯಿಂದ ಪ್ಯಾನ್‌ ಪಕ್ಕದ, ನಳಿಗೆಯೊಳಕ್ಕೆ ಬೆಂಕಿ ಹೋಗುವ ತೂತು ಬಿಡಿಸಿ, ಒರೆಸಿ, ಹೊಸ ಕಿವಿಮದ್ದು ಹಾಕಿ.

ಡೊಂಬಿವಲಿ_ಕೊಡವ:

ಮನೆಗೆ ಬಂದ ಸಂಜೆಯೇ ನಳಿಗೆ ಖಾಲಿ ಇದೆ ಅಂತ ಗಜ ಇಳಿಸಿ ಖಾತ್ರಿ ಮಾಡಿಕೊಂಡು, ಬಿಸಿನೀರು ಸೋಪು ಹಾಕಿ ತೊಳೆಯಲು ಹೇಳಿ. ಬಟ್ಟೆ ಬೆಳ್ಳಗೆ ಹೊರಬರುವವರೆಗೆ ಒರೆಸಬೇಕು. ಆಮೇಲೆ ಎಣ್ಣೆ. ಬೆಳಗ್ಗೆ ಮದ್ದು ತುಂಬುವ ಮುಂಚೆ ಆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಬೇಕು. ಎಷ್ಟೋ ಸಲ ಮಳೆ ಅಂದುಕೊಂಡಿದ್ದು ಈ ಎಣ್ಣೆಯೇ ಆಗಿರುತ್ತದೆ.